ಎರಡು ಪಾಳಿಗೆ ಒಂದೇ ಕೀಬೋರ್ಡು

"ನನ್ನ ಕೀಗಳನ್ನ ಅಳಿಸಿದ್ದು ಯಾರು?"

ಅಂಬುಜಾ ಕೇಳಿದ್ದು ತಮಿಳಿನಲ್ಲಿ. ಎರಡು ವರ್ಷ ಚೆನ್ನೈಯಲ್ಲಿದ್ದು ಕಲಿತ ತಮಿಳು ಅದು. ಸಿಟ್ಟು ಬಂದರೆ ಸಾಕು, ಅರ್ಧ ದಾರಿಯಲ್ಲೇ ಕೈಕೊಡುತ್ತಿತ್ತು.

ಅವಳ ಕುರ್ಚಿಯಲ್ಲಿ ಕೂತಿದ್ದ ಯುವಕ ತಲೆಯೆತ್ತಿ ನೋಡಿದ. ಹೊಸ ಮುಖ. ಬಿಳಿ ಶರ್ಟು, ಕೆದರಿದ ಕೂದಲು, ತುಟಿಯಂಚಿನಲ್ಲಿ ಒಂದು ನಗು... ಆ ನಗುವೇ ಅವಳ ಮೈ ಉರಿಸಿತು.

"ನಾನೇ," ಅಂದ ಅವನು ತಮಿಳಿನಲ್ಲೇ, ತಣ್ಣಗೆ. "ವೃತ್ತ ಬರೆಯೋಣ ಅಂತ C ಒತ್ತಿದರೆ ಕಾಪಿ ಮಾಡುತ್ತೆ. V ಒತ್ತಿದರೆ ನಕ್ಷೆಯಲ್ಲಿ ಎಲ್ಲೆಲ್ಲೋ ಪಂಪಿನ ಚಿತ್ರ ಅಂಟಿಸುತ್ತೆ. ಬೆಳಗ್ಗೆಯಿಂದ ತಲೆ ಕೆಟ್ಟುಹೋಯ್ತು. ಎಲ್ಲಾ ಮೊದಲಿನ ಹಾಗೆ ಮಾಡಿಟ್ಟಿದ್ದೇನೆ."

ಅಂಬುಜಾ ನಿಂತಲ್ಲಿಂದಲೇ ಬಗ್ಗಿ, ಎಡಗೈ ಚಾಚಿ, C ಒತ್ತಿ ನೋಡಿದಳು. ಪರದೆಯ ಮೇಲೆ ವೃತ್ತ ಬರೆಯಲು ಅಪ್ಪಣೆ ಕೇಳುತ್ತಿತ್ತು ಕ್ಯಾಡ್, ಆ ನಕ್ಷೆ ಬರೆಯುವ ಪ್ರೋಗ್ರಾಮು. ಅವಳ ಕಾಪಿ ಹೋಗಿತ್ತು. V ಒತ್ತಿದಳು. ಪೇಸ್ಟೂ ಹೋಗಿತ್ತು.

"ಕುರ್ಚಿ ಸಿಕ್ಕ ತಕ್ಷಣ ರಾಜ ಆಗ್ಬಿಟ್ಟ ನೋಡು," ಎಂದು ತನ್ನಷ್ಟಕ್ಕೇ ಗೊಣಗಿದಳು, ಕನ್ನಡದಲ್ಲಿ.

"ರಾಜ ಎಲ್ಲಾ ಇಲ್ಲ ಮಾ. ಸುಮ್ಮ ಬೆಳಗ್ಗೆ ಪಾಳಿ," ಅಂದ ಅವನು, ಕನ್ನಡದಲ್ಲೇ.

ಅಯ್ಯೋ ದೇವರೇ... ಇವನಿಗೆ ಕನ್ನಡ ಬರುತ್ತದಾ?

ಅವಳ ಕೆನ್ನೆ ಬಿಸಿಯಾಯಿತು. ಕೈಯನ್ನು ಸರಕ್ಕನೆ ದುಪಟ್ಟಾದೊಳಗೆ ಎಳೆದುಕೊಂಡಳು. ಆ ಯುವಕ ಎದ್ದು, ಕುರ್ಚಿಯನ್ನು ಅವಳ ಕಡೆ ತಿರುಗಿಸಿ, "ಮುರಳೀಧರ," ಎಂದು ಹೆಸರು ಹೇಳಿ ಹೊರಟೇಹೋದ. ಅವಳು ತನ್ನ ಹೆಸರು ಹೇಳಲೇ ಇಲ್ಲ. ಯಾಕೆ ಹೇಳಬೇಕು ಹೇಳಿ.

ಅದು ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ. ಮೈಲಾಪೂರಿನ ಒಂದು ಹಳೆಯ ಮಹಡಿ ಮನೆಯ ಮೇಲಂತಸ್ತಿನಲ್ಲಿ ಆ ಡ್ರಾಯಿಂಗ್ ಆಫೀಸು. ಮಣಲಿಯ ಕಾರ್ಖಾನೆಯೊಂದಕ್ಕೆ ಪೈಪು, ಪಂಪು, ಟ್ಯಾಂಕುಗಳ ನಕ್ಷೆ ಬರೆದುಕೊಡುವುದು ಅಲ್ಲಿಯ ಕೆಲಸ. ಕಂಪ್ಯೂಟರು ಕಡಿಮೆ, ಜನ ಜಾಸ್ತಿ. ಹಾಗಾಗಿ ಒಂದೊಂದು ಮೆಷಿನ್ನಿಗೆ ಇಬ್ಬರು. ಬೆಳಗ್ಗೆಯಿಂದ ಒಂದು ಗಂಟೆಯವರೆಗೆ ಒಬ್ಬರು, ಒಂದರಿಂದ ಸಂಜೆಯವರೆಗೆ ಇನ್ನೊಬ್ಬರು.

ಯಾವ ಕೀ ಒತ್ತಿದರೆ ಏನಾಗಬೇಕು ಎನ್ನುವುದನ್ನು ಕ್ಯಾಡ್‌ನಲ್ಲಿ ನಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಆದರೆ ಮೆಷಿನ್ ಒಂದಾದರೆ ಕೀಗಳೂ ಒಂದೇ. ಒಬ್ಬರು ಬದಲಿಸಿದರೆ ಇನ್ನೊಬ್ಬರೂ ಅನುಭವಿಸಬೇಕು. ಇಬ್ಬರು ಸೊಸೆಯರಿಗೆ ಒಂದೇ ಅಡುಗೆಮನೆ ಕೊಟ್ಟ ಹಾಗೆ, ಅಷ್ಟೆ.

ಅಂಬುಜಾಳ ಕೀಗಳಿಗೆ ಒಂದು ಕಾರಣವಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ತಿಪಟೂರಿನಲ್ಲಿ ಚಿಕ್ಕವಳಿದ್ದಾಗ ಅವಳ ಎಡಗೈ ಬಾವಿಯ ರಾಟೆಗೆ ಸಿಕ್ಕಿತ್ತು. ಕಿರುಬೆರಳು, ಉಂಗುರದ ಬೆರಳು ಆಮೇಲೆ ಮಡಚಲಿಲ್ಲ. ಬಲಗೈಯಲ್ಲಿ ಮೌಸ್ ಹಿಡಿದು, ಎಡಗೈಯ ಕಿರುಬೆರಳಿನಿಂದ ಕಂಟ್ರೋಲ್ ಕೀ ಅದುಮಿ, ಇನ್ನೊಂದು ಬೆರಳಿನಿಂದ C ಒತ್ತಿ ಕಾಪಿ ಮಾಡುವುದು ಉಳಿದವರಿಗೆ ನೀರು ಕುಡಿದಷ್ಟು ಸುಲಭ. ಅವಳಿಗೆ ಮೊಣಕೈವರೆಗೂ ನೋವು. ಅದಕ್ಕೇ ಒಂದೇ ಅಕ್ಷರಕ್ಕೆ ಕಾಪಿ, ಇನ್ನೊಂದೇ ಅಕ್ಷರಕ್ಕೆ ಪೇಸ್ಟ್ ಮಾಡಿಕೊಂಡಿದ್ದಳು.

ಜೊತೆಗೆ ಇನ್ನೊಂದು ಜಾಣತನವನ್ನೂ ಸೇರಿಸಿದ್ದಳು. ಅವಳ ಕಾಪಿ ಮೊದಲು "ಎಲ್ಲಿ ಹಿಡಿಯಲಿ?" ಎಂದು ಕೇಳುತ್ತಿತ್ತು. ಪಂಪಿನ ನಟ್ಟನಡುವನ್ನು ತೋರಿಸಿದರೆ, ಅಂಟಿಸುವಾಗಲೂ ಸರಿಯಾಗಿ ಆ ನಡುವಿನಿಂದಲೇ ಕೂರಿಸುತ್ತಿತ್ತು. ಮಾಮೂಲಿ ಕಾಪಿ ಹಾಗೆ ಕೇಳುವುದಿಲ್ಲ. ತಾನೇ ಕೆಳಗಿನ ಎಡಮೂಲೆ ಹಿಡಿದುಕೊಂಡು ಬಿಡುತ್ತದೆ.

ಅವತ್ತು ಮಧ್ಯಾಹ್ನ ಅವಳು ತನ್ನ ಕೀಗಳನ್ನೆಲ್ಲ ಮತ್ತೆ ಹಾಕಿಕೊಂಡಳು.

ಮಾರನೇ ದಿನ ಬಂದು ನೋಡಿದರೆ ಅವನು ಮತ್ತೆ ತೆಗೆದಿದ್ದ.

ಅವಳು ಹಾಕಿದಳು. ಅವನು ತೆಗೆದ. ದಿನಾ ಒಂದು ಗಂಟೆಗೆ ಕುರ್ಚಿ ಕೈ ಬದಲಾಗುವಾಗ ಎರಡು ಮಾತು, ಎರಡೂ ಖಾರದ್ದು.

"ನಿಮಗೆ ಎಲ್ಲರ ಹಾಗೆ ಕೆಲಸ ಮಾಡೋದಕ್ಕೆ ಬರಲ್ವಾ?" ಎಂದ ಅವನು ಒಂದು ದಿನ.

"ನಿಮಗೆ ಹೊಸದು ಕಲಿಯೋದಕ್ಕೆ ಬರಲ್ವಾ?" ಎಂದಳು ಅವಳು.

ಪಕ್ಕದ ಮೆಷಿನ್ನಿನ ಉಷಾ ನಗು ತಡೆಯಲಾರದೆ ಫೈಲಿನ ಹಿಂದೆ ಮುಖ ಮುಚ್ಚಿಕೊಂಡಳು.

ಆದರೆ ಅಂಬುಜಾಳಿಗೆ ಅದು ನಗುವ ವಿಷಯವಾಗಿರಲಿಲ್ಲ. ಮಣಲಿಯ ಕೆಲಸದ ಮೊದಲ ಹಂತ ಮುಗಿದ ಮೇಲೆ, ಚುರುಕಾಗಿ ಕೆಲಸ ಮಾಡುವವರನ್ನಷ್ಟೇ ಕಾಯಂ ಮಾಡುತ್ತೇವೆ ಎಂದಿದ್ದರು ಆಫೀಸಿನ ಯಜಮಾನರು ಶಂಕರನಾರಾಯಣ ಸಾರ್. ಕಾಯಂ ಆಗದಿದ್ದರೆ ಊರಿಗೆ ವಾಪಸ್ಸು. ಊರಲ್ಲಿ ಏನು ಕಾದಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೈಲಾಪೂರಿನಲ್ಲಿ ಅವಳು ಇದ್ದದ್ದು ದೊಡ್ಡಮ್ಮ ಜಯಲಕ್ಷ್ಮಮ್ಮನ ಮನೆಯಲ್ಲಿ. ಆ ವಾರವೇ ಊರಿನಿಂದ ಫೋನ್ ಬಂದಿತ್ತು.

"ಹುಡುಗನ ಕಡೆಯವರು ಮತ್ತೆ ಕೇಳಿದ್ರಂತೆ ಕಣೇ ಅಂಬು," ಅಂದರು ದೊಡ್ಡಮ್ಮ, ಹುರುಳೀಕಾಯಿ ಸೋಸುತ್ತಾ. "ನಿನ್ನ ಕೈ ನೋಡಿನೂ ಒಪ್ಕೊಂಡಿದ್ದಾರೆ. ದೊಡ್ಡ ಮನಸ್ಸು ಅಂತಾರೆ ನಿಮ್ಮಪ್ಪ."

"ನೋಡಿನೂ ಅಂದ್ರೆ ಏನು ದೊಡ್ಡಮ್ಮ?"

"ಅಂದ್ರೆ... ಅಷ್ಟೇ ಕಣೇ. ಎಲ್ಲರೂ ಒಪ್ತಾರಾ?"

ಅಂಬುಜಾ ಒಂದು ಹುರುಳೀಕಾಯಿ ಎತ್ತಿಕೊಂಡು ನಾರು ತೆಗೆದಳು. ಆ ಹುಡುಗ ಅವಳನ್ನು ನೋಡಲು ಬಂದಾಗ ಹೇಳಿದ್ದು ಅವಳ ಕಿವಿಯಲ್ಲೇ ಇತ್ತು. 'ಪರವಾಗಿಲ್ಲ, ನಾನು ಅಡ್ಜಸ್ಟ್ ಮಾಡ್ಕೋತೀನಿ.' ಜೀವನಪೂರ್ತಿ ಒಬ್ಬರ ಅಡ್ಜಸ್ಟ್‌ಮೆಂಟ್ ಆಗಿ ಬಾಳಬೇಕಾ? ಬೆಳಗ್ಗೆ ಎದ್ದರೆ ಅವರ ದೊಡ್ಡ ಮನಸ್ಸು, ಮಲಗುವಾಗ ಅವರ ದೊಡ್ಡ ಮನಸ್ಸು... ಬೇಡಪ್ಪ. ಕೆಲಸ ಕಾಯಂ ಆದರೆ 'ಒಲ್ಲೆ' ಅನ್ನುವುದಕ್ಕೆ ಬಾಯಿಯಾದರೂ ಬರುತ್ತದೆ. ಅದೊಂದೇ ಅವಳಿಗೆ ಬೇಕಾಗಿದ್ದದ್ದು.

ಎರಡು ವಾರ ಕಳೆದಿತ್ತೇನೋ. ಒಂದು ಮಧ್ಯಾಹ್ನ ಅಂಬುಜಾ ಕುರ್ಚಿಯಲ್ಲಿ ಕೂತು, ಅಭ್ಯಾಸಬಲದಿಂದ ಮೊದಲು ಕೀಗಳನ್ನು ಸರಿಮಾಡಲು ಹೊರಟಳು. ಆಮೇಲೆ ಸುಮ್ಮನೆ C ಒತ್ತಿ ನೋಡಿದಳು.

"ಎಲ್ಲಿ ಹಿಡಿಯಲಿ?" ಎಂದು ಕೇಳಿತು ಪರದೆ.

ಅವನು ತೆಗೆದಿರಲಿಲ್ಲ.

ಅವಳು ತಿರುಗಿ ನೋಡಿದಳು. ಮುರಳೀಧರ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಅವಳ ಕಡೆ ನೋಡದೆಯೇ, "ವೃತ್ತಕ್ಕೆ ಬೇರೆ ಕೀ ಇಟ್ಟಿದೀನಿ. ನಿಮ್ಮದನ್ನ ಮುಟ್ಟಿಲ್ಲ," ಅಂದು ಮೆಟ್ಟಿಲಿಳಿದು ಹೋದ.

ಗೆದ್ದೆ ಅಂದುಕೊಂಡಳು ಹುಡುಗಿ. ಆದರೆ ಗೆದ್ದವರ ಎದೆ ಹಾಗೆ ಹೊಡೆದುಕೊಳ್ಳುತ್ತದೆಯೇ?

ಅವತ್ತಿನಿಂದ ಏನೋ ಬದಲಾಯಿತು. ಅವಳು ಅರ್ಧ ಗಂಟೆ ಮುಂಚೆ ಬರತೊಡಗಿದಳು. ಅವನು ಅರ್ಧ ಗಂಟೆ ತಡವಾಗಿ ಹೋಗತೊಡಗಿದ. ನಡುವೆ, ಕೆಳಗಿನ ಮೆಸ್ಸಿನಲ್ಲಿ ಒಂದೊಂದು ಲೋಟ ಕಾಫಿ.

"ನಿಮ್ಮ ಕನ್ನಡ ಎಲ್ಲಿಂದ ತಂದ್ರಿ?" ಎಂದು ಕೇಳಿದಳು ಒಮ್ಮೆ. "ಅರ್ಧ ನಮ್ಮನೇದು, ಅರ್ಧ ಪಕ್ಕದ್ಮನೇದು."

"ಅಪ್ಪ ರೈಲ್ವೇಸ್. ಅರಸೀಕೆರೆ ಅವರು. ನಾನು ಹುಟ್ಟಿದ್ದು, ಓದಿದ್ದು ಎಲ್ಲಾ ಇಲ್ಲೇ. ಮನೇಲಿ ಅಮ್ಮ ಕನ್ನಡದಲ್ಲಿ ಬೈತಾರೆ, ನಾನು ತಮಿಳಲ್ಲಿ ವಾಂಗಿಕೊಳ್ತೀನಿ, ಅದೇ, ಬೈಸ್ಕೊಳ್ತೀನಿ."

"ಓದೋದಕ್ಕೆ ಬರುತ್ತಾ?"

"ಬಸ್ ಬೋರ್ಡ್ ಇದ್ದರೆ ಓದಬಹುದಿತ್ತು. ಇಲ್ಲಿ ಯಾವ ಬಸ್ಸಲ್ಲಿ ಕನ್ನಡ ಬರೀತಾರೆ ಮಾ?"

ಅವಳು ನಕ್ಕಳು. ಆ ಊರಿಗೆ ಬಂದಮೇಲೆ ಹಾಗೆ ಗಟ್ಟಿಯಾಗಿ ನಕ್ಕಿದ್ದು ಅದೇ ಮೊದಲು. ಅವನು ಕಾಫಿ ಕುಡಿಯುವುದನ್ನು ಮರೆತು ಅವಳನ್ನೇ ನೋಡಿದ.

ಎಡಗೈ ಮಾತ್ರ ಆಗಲೂ ದುಪಟ್ಟಾದ ಕೆಳಗೇ ಇತ್ತು.

ಒಂದು ಸಂಜೆ ಕೆಲಸ ಬೇಗ ಮುಗಿಯಿತು. ಕಿಟಕಿಯಿಂದ ಕಡಲಿನ ಗಾಳಿ ಬರುತ್ತಿತ್ತು. ಅಂಬುಜಾಳಿಗೆ ಏನು ತೋಚಿತೋ, ನಕ್ಷೆಯ ಗಡಿಯಾಚೆ, ಖಾಲಿ ಕಪ್ಪು ಜಾಗದಲ್ಲಿ ಒಂದು ಪುಟ್ಟ ಮನೆ ಬರೆದಳು. ಗಡಿಯಾಚೆ ಬರೆದದ್ದು ಪ್ರಿಂಟಿಗೆ ಬರುವುದಿಲ್ಲ. ಡ್ರಾಯಿಂಗ್ ಮಾಡುವವರು ಬೇಜಾರಾದಾಗ ಅಲ್ಲಿ ಏನಾದರೂ ಗೀಚುವುದು ಮಾಮೂಲು. ಒಂದು ಬಾಗಿಲು. ಒಂದು ಕಿಟಕಿ. ಕಿಟಕಿಯನ್ನು ಕಾಪಿ ಮಾಡಿ ಇನ್ನೊಂದು ಕಡೆ ಅಂಟಿಸಿದಳು. ಅಳಿಸಲು ಮರೆತು ಮನೆಗೆ ಹೋದಳು.

ಮಾರನೇ ಮಧ್ಯಾಹ್ನ ನೋಡಿದರೆ ಆ ಮನೆಗೆ ಜಗಲಿ ಬಂದಿತ್ತು.

ಅವಳು ಏನೂ ಕೇಳಲಿಲ್ಲ. ಅವನೂ ಹೇಳಲಿಲ್ಲ. ಅವಳು ಹಿತ್ತಲಿಗೆ ಒಂದು ತುಳಸಿಕಟ್ಟೆ ಬರೆದಳು. ಅವನು ಮನೆಯ ಹಿಂದೆ ಒಂದು ಕೆರೆ ಬರೆದ. ಅವನ ಮನೆ ಇದ್ದದ್ದು ಪೋರೂರು ಕೆರೆಯ ಹತ್ತಿರ. ಓಹೋ, ನನ್ನ ಮನೆಯನ್ನ ತನ್ನ ಊರಿಗೆ ಎಳೆದುಕೊಂಡು ಹೋಗಿದ್ದಾನೆ ಈ ಮಹಾನುಭಾವ... ಎಂದುಕೊಂಡು ಅವಳು ಕೆರೆಗೆ ಮೆಟ್ಟಿಲು ಕಟ್ಟಿಸಿದಳು.

ಮತ್ತೊಂದು ದಿನ ಜಗಲಿಯ ಮೇಲೆ ಒಂದು ಕುರ್ಚಿ ಇತ್ತು. ಪಕ್ಕದಲ್ಲೇ ಅದರದೇ ಕಾಪಿ, ಇನ್ನೊಂದು ಕುರ್ಚಿ.

ಅಂಬುಜಾ ಆ ಎರಡು ಕುರ್ಚಿಗಳನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದಳೋ. ಕಣ್ಣ ಮುಂದಿದ್ದದ್ದು ಹಳದಿ ಗೆರೆಗಳು. ಅವಳಿಗೆ ಕಂಡದ್ದು ಕೆರೆಯ ಮೇಲಿನ ಬೆಳಗು, ಅರ್ಧ ತಮಿಳಿನ ಒಂದು ಕನ್ನಡ, ಆರಿಹೋಗುತ್ತಿದ್ದರೂ ಕುಡಿಯಲು ಮನಸ್ಸಾಗದ ಕಾಫಿ. ಸಂಜೆ ಮನೆಗೆ ನಡೆದುಹೋಗುವಾಗ ದೇವಸ್ಥಾನದ ಕೊಳದ ಪಕ್ಕದ ತಿರುವನ್ನೇ ದಾಟಿ ಮುಂದೆ ಹೋಗಿಬಿಟ್ಟಿದ್ದಳು.

"ಎಲ್ಲಿದ್ಯೇ ಅಂಬು? ಕರೀತಾ ಇದ್ರೂ ಕೇಳಲ್ಲ," ಅಂದರು ದೊಡ್ಡಮ್ಮ.

"ಇಲ್ಲೇ ಇದ್ದೀನಲ್ಲ ದೊಡ್ಡಮ್ಮ."

"ಎಲ್ಲಿ ಇಲ್ಲೇ... ಸಾರಿಗೆ ಸಕ್ಕರೆ ಹಾಕಿದ್ದೀಯ."

ಅಷ್ಟರಲ್ಲಿ ಶಂಕರನಾರಾಯಣ ಸಾರ್ ಹೊಸ ನಿಯಮ ತಂದರು. ಮಣಲಿಯ ಇಂಜಿನಿಯರುಗಳು ಬಂದು ಯಾವ ಮೆಷಿನ್ನಿನಲ್ಲಿ ಬೇಕಾದರೂ ಕೂತು ನಕ್ಷೆ ನೋಡುತ್ತಾರೆ, ಆದ್ದರಿಂದ ಮುಂದಿನ ತಿಂಗಳಿನಿಂದ ಎಲ್ಲಾ ಮೆಷಿನ್ನಿನಲ್ಲೂ ಮಾಮೂಲಿ ಕೀಗಳೇ ಇರಬೇಕು. ಯಾರೂ ಏನೂ ಬದಲಿಸುವಂತಿಲ್ಲ.

ಅಂಬುಜಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮಾಮೂಲಿ ಕೀ ಎಂದರೆ ಕಂಟ್ರೋಲ್. ಕಂಟ್ರೋಲ್ ಎಂದರೆ ನೋವು, ನಿಧಾನ. ನಿಧಾನ ಎಂದರೆ ತಿಪಟೂರು.

"ಏನಾಯ್ತು ಮಾ? ಮುಖ ಒಂಥರಾ ಇದೆ," ಎಂದು ಕೇಳಿದ ಮುರಳೀಧರ.

"ಏನಿಲ್ಲ."

"ನಮ್ಮ ಕೀ ಹೋಗುತ್ತೆ ಅಂತಾನಾ?"

'ನಮ್ಮ ಕೀ' ಎಂದನಲ್ಲ... ಎಂದು ಆ ಸಂಕಟದಲ್ಲೂ ಅವಳ ಮನಸ್ಸು ಒಂದು ಚೂರು ಅರಳಿತು.

ಎರಡು ದಿನ ಬಿಟ್ಟು ಅವಳು ಎಂದಿನಂತೆ ಅರ್ಧ ಗಂಟೆ ಮುಂಚೆ ಬಂದಳು. ಕುರ್ಚಿ ಖಾಲಿ ಇತ್ತು. ಸಾರ್ ಅವರ ಕೋಣೆಗೆ ಗಾಜಿನ ಗೋಡೆ. ಒಳಗೆ ಮುರಳೀಧರ ನಿಂತಿದ್ದ. ಮಾತು ಕೇಳಿಸುತ್ತಿರಲಿಲ್ಲ, ಕಾಣಿಸುತ್ತಿತ್ತಷ್ಟೆ.

ಅವನು ತನ್ನ ಎಡಗೈಯನ್ನು ಸಾರ್ ಮುಂದೆ ಹಿಡಿದ. ಕಿರುಬೆರಳನ್ನು ಸೆಟೆಸಿ, ವಕ್ರ ಮಾಡಿ, ಮೇಜಿನ ಮೇಲೆ ಊರಿದ. ಮುಖ ಕಿವುಚಿದ, ನೋವಾದವರ ಹಾಗೆ. ಮತ್ತೆ ಆ ಬೆರಳನ್ನು ಬಲಗೈಯಿಂದ ಹಿಡಿದು ತೋರಿಸಿದ. ಸಾರ್ ಆ ಬೆರಳು ನೋಡಿದರು. ಆಮೇಲೆ ಗಾಜಿನಾಚೆ ಅಂಬುಜಾಳ ಕುರ್ಚಿಯ ಕಡೆ ನೋಡಿ ತಲೆಯಾಡಿಸಿದರು.

ಅಂಬುಜಾ ಎಡಗೈಯನ್ನು ದುಪಟ್ಟಾದೊಳಗೆ ಇನ್ನೂ ಒಳಕ್ಕೆ ಎಳೆದುಕೊಂಡಳು.

ನನ್ನ ಕೈ... ನನ್ನ ಕೈ ಹೇಗಿದೆ ಎಂದು ಮಾಡಿ ತೋರಿಸುತ್ತಿದ್ದಾನೆ. ಪಾಪದ ಹುಡುಗಿ, ಬಿಟ್ಟುಬಿಡಿ ಸಾರ್ ಎಂದು ಬೇಡುತ್ತಿದ್ದಾನೆ. ಎರಡು ವರ್ಷ ದುಪಟ್ಟಾದ ಕೆಳಗೆ ಕಾಪಾಡಿದ್ದನ್ನು ಮೇಜಿನ ಮೇಲೆ ಇಟ್ಟುಬಿಟ್ಟ. ಹಾಗಾದರೆ ಕೀ ಬಿಟ್ಟುಕೊಟ್ಟದ್ದೂ ಅದಕ್ಕೇ. ಕಾಫಿಯೂ ಅದಕ್ಕೇ. ಆ ಜಗಲಿ, ಆ ಕೆರೆ, ಆ ಎರಡು ಕುರ್ಚಿ... ಎಲ್ಲಾ ಕನಿಕರ. ಇವನೂ ಅಡ್ಜಸ್ಟ್ ಮಾಡಿಕೊಳ್ಳುವವನೇ.

ಮುರಳೀಧರ ನಗುತ್ತಾ ಹೊರಬಂದ. "ಅಂಬುಜಾ, ಒಂದು ವಿಷಯ ಹೇಳಬೇಕು. ಕಾಫಿಗೆ..."

"ಕೆಲಸ ಇದೆ."

"ಹತ್ತೇ ನಿಮಿಷ..."

"ಬೇಡ ಅಂದೆನಲ್ಲ."

ಅವನ ನಗು ಅಲ್ಲೇ ನಿಂತಿತು. ಅವಳು ಪರದೆಯ ಕಡೆ ತಿರುಗಿ ಕೂತಳು. ಅವನು ಹೋದಮೇಲೆ ಮೊದಲು ಆ ಮನೆಯನ್ನು ಅಳಿಸಿದಳು. ಕಿಟಕಿ, ಜಗಲಿ, ಕೆರೆ, ಎಲ್ಲವನ್ನೂ ಒಂದೇ ಸಲ ಸುತ್ತಿ ಹಿಡಿದು ಅಳಿಸಿಬಿಟ್ಟಳು. ಆಮೇಲೆ ತನ್ನ ಕೀಗಳನ್ನೂ ತಾನೇ ತೆಗೆದು ಹಾಕಿದಳು. ಯಾರ ಕನಿಕರವೂ ಬೇಡ. ಎಲ್ಲರ ಹಾಗೆ ಮಾಡಿ ತೋರಿಸುತ್ತೇನೆ.

ಮಾಡಿದಳು ಕೂಡ. ಕಂಟ್ರೋಲ್ ಅದುಮಿದಾಗಲೆಲ್ಲ ಮೊಣಕೈಯವರೆಗೆ ಸೆಳೆತ. ಮನೆಯಲ್ಲಿ ತಟ್ಟೆ ಎತ್ತಲಾಗದ್ದನ್ನು ದೊಡ್ಡಮ್ಮನಿಂದ ಮರೆಮಾಚಿದಳು. ಕಣ್ಣೀರು ಬಂದರೆ ಕಿಟಕಿಯ ಧೂಳು ಎಂದಳು ಉಷಾಳಿಗೆ.

"ಕೀ ಯಾಕೆ ತೆಗೆದ್ರಿ?" ಎಂದು ಕೇಳಿದ ಮುರಳೀಧರ, ಮಾರನೇ ದಿನ.

"ಆಫೀಸಿನ ನಿಯಮ."

"ಮನೆ ಯಾಕೆ ಅಳಿಸಿದ್ರಿ? ಅದಕ್ಕೂ ನಿಯಮ ಇತ್ತಾ?"

ಅವಳು ಫೈಲು ಎತ್ತಿಕೊಂಡಳು. "ಆ ನಿಯಮ..." ಎಂದು ಅವನು ಶುರುಮಾಡುವಷ್ಟರಲ್ಲಿ ಉಷಾಳ ಮೇಜಿನ ಕಡೆ ಹೊರಟುಹೋದಳು. ಆಮೇಲೆ ಅವನು ಒಂದು ಗಂಟೆಗೆ ಸರಿಯಾಗಿ ಎದ್ದು ಹೋಗುವುದನ್ನು ರೂಢಿ ಮಾಡಿಕೊಂಡ. ಅವಳೂ ಒಂದಕ್ಕೆ ಸರಿಯಾಗಿ ಬರತೊಡಗಿದಳು. ಮೆಟ್ಟಿಲಲ್ಲಿ ಎದುರಾದರೆ ಅವನು ಗೋಡೆಗೆ ಸರಿದು ದಾರಿ ಬಿಡುತ್ತಿದ್ದ. ಇಬ್ಬರ ಮುಖವೂ ನೋಡುವಂತಿರಲಿಲ್ಲ.

ಆ ವಾರದ ಕೊನೆಗೆ ಮಣಲಿಗೆ ನಕ್ಷೆ ಕಳಿಸುವ ದಿನ ಬಂತು. ಅವತ್ತು ಎಲ್ಲರೂ ಮಧ್ಯಾಹ್ನಕ್ಕೆ ಮುಂಚೆಯೇ ಬಂದಿರಬೇಕು. ಅಂಬುಜಾ ಬರುವಷ್ಟರಲ್ಲಿ ಪ್ರಿಂಟುಗಳನ್ನು ಉದ್ದನೆಯ ಮೇಜಿನ ಮೇಲೆ ಹರಡಿ, ಒಂದೊಂದಾಗಿ ಸುರುಳಿ ಸುತ್ತುತ್ತಿದ್ದರು. ತಾನು ಬರೆದ ಹಾಳೆಯ ಮೇಲೆ ಅವಳ ಕಣ್ಣು ಬಿತ್ತು.

ಪಂಪು ಜಾಗದಲ್ಲಿರಲಿಲ್ಲ.

ಅಡಿಪಾಯದ ನಡುವೆ ಇರಬೇಕಾದ ಪಂಪು ಅರ್ಧ ಹೊರಗೆ ಜರುಗಿತ್ತು. ಒಂದು ಪಂಪಲ್ಲ, ಸಾಲಿನಲ್ಲಿ ಅಂಟಿಸಿದ ಎಲ್ಲವೂ. ಅವಳಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಮಾಮೂಲಿ ಕಾಪಿ "ಎಲ್ಲಿ ಹಿಡಿಯಲಿ?" ಎಂದು ಕೇಳಿರಲಿಲ್ಲ. ಎಡಮೂಲೆ ಹಿಡಿದುಕೊಂಡಿತ್ತು. ಅವಳು ನೋವಿನಲ್ಲಿ, ಸಿಟ್ಟಿನಲ್ಲಿ, ನಡು ಹಿಡಿದಿದ್ದೇನೆ ಎಂದುಕೊಂಡು ಅಂಟಿಸುತ್ತಾ ಹೋಗಿದ್ದಳು.

ಈ ಹಾಳೆ ಮಣಲಿಗೆ ಹೋದರೆ, ಅಲ್ಲಿ ಇದನ್ನೇ ನೋಡಿ ಪೈಪು ಕತ್ತರಿಸುತ್ತಾರೆ. ಒಂದೂ ಪಂಪಿಗೆ ಕೂಡುವುದಿಲ್ಲ.

ಸುಮ್ಮನಿದ್ದರೆ ಇವತ್ತಿಗೆ ಬಚಾವು. ಹೇಳಿದರೆ ಕಾಯಂ ಆಗುವ ಮಾತೇ ಇಲ್ಲ... ತಿಪಟೂರಿನ ಫೋನು ಅವಳ ಕಿವಿಯಲ್ಲಿ ಬಾರಿಸಿದಂತಾಯಿತು.

ಅವಳು ಸುತ್ತುತ್ತಿದ್ದವರ ಕೈಯಿಂದ ಆ ಹಾಳೆ ಕಿತ್ತುಕೊಂಡು ಗಾಜಿನ ಕೋಣೆಗೆ ಹೋದಳು.

"ಸಾರ್, ಇದು ಹೋಗಬಾರದು. ತಪ್ಪಿದೆ. ನನ್ನದೇ ತಪ್ಪು."

ಶಂಕರನಾರಾಯಣ ಸಾರ್ ಕನ್ನಡಕ ಏರಿಸಿ ಹಾಳೆ ನೋಡಿದರು. ಅವರ ಹುಬ್ಬು ಗಂಟಾಯಿತು. "ನೀನು ಹೀಗೆ ಮಾಡುವವಳಲ್ಲವಲ್ಲಮ್ಮ," ಅಂದರು ತಮಿಳಿನಲ್ಲಿ.

ಅಂಬುಜಾ ದುಪಟ್ಟಾ ಸರಿಸಿ ಎಡಗೈಯನ್ನು ಮೇಜಿನ ಮೇಲಿಟ್ಟಳು.

"ಈ ಎರಡು ಬೆರಳು ಮಡಚುವುದಿಲ್ಲ ಸಾರ್. ಕಂಟ್ರೋಲ್ ಒತ್ತಲು ನನಗೆ ಆಗುವುದಿಲ್ಲ. ಅದಕ್ಕೇ ಬೇರೆ ಕೀ ಮಾಡಿಕೊಂಡಿದ್ದೆ. ಆ ಕೀಗಳಲ್ಲಿ ನಾನು ಒಂದು ಹಾಳೆಯಲ್ಲೂ ತಪ್ಪು ಮಾಡಿಲ್ಲ. ನಿಮಗೆ ಈಗಾಗಲೇ ಗೊತ್ತು, ಮುರಳೀಧರ ಹೇಳಿದ್ದಾರೆ. ಆದರೆ ನನಗೆ ಕನಿಕರ ಬೇಡ. ನನ್ನ ಕೀ ಬೇಕು. ಕೊಟ್ಟು ನೋಡಿ, ಕೆಲಸ ಸರಿ ಇಲ್ಲದಿದ್ದರೆ ಕಳಿಸಿಬಿಡಿ."

ಸಾರ್ ಅವಳ ಕೈ ನೋಡಿದರು, ಮುಖ ನೋಡಿದರು.

"ಮುರಳಿ ನಿನ್ನ ಕೈ ಬಗ್ಗೆ ಏನೂ ಹೇಳಲಿಲ್ಲವಲ್ಲ."

"ನಾನೇ ನೋಡಿದೆ ಸಾರ್. ಇಲ್ಲೇ ನಿಂತು, ಬೆರಳು ಹೀಗೆ ಮಾಡಿ..."

"ಅದಾ? ಅದು ಅವನ ಬೆರಳಮ್ಮ. ಕಂಟ್ರೋಲ್ ಅದುಮಿ ಅದುಮಿ ಕಿರುಬೆರಳು ಹಿಡಿದುಕೊಂಡುಬಿಟ್ಟಿತ್ತು, ಹಿಂದಿನ ಆಫೀಸು ಬಿಟ್ಟದ್ದೇ ಅದಕ್ಕೆ ಅಂದ. ಇಲ್ಲಿ ಮಧ್ಯಾಹ್ನದ ಪಾಳಿಯವರು ಮಾಡಿಟ್ಟ ಕೀಗಳಲ್ಲಿ ನೋವೂ ಇಲ್ಲ, ತಪ್ಪೂ ಇಲ್ಲ, ಎಲ್ಲಾ ಮೆಷಿನ್ನಿಗೂ ಅದನ್ನೇ ಹಾಕಿ ಅಂತ ಜಗಳವಾಡಿದ. ನಾನು ಆಯಿತು ಅಂದೆ. ಇಂಜಿನಿಯರುಗಳಿಗೆ ಒಂದು ಮೆಷಿನ್ ಬೇರೆ ಇಟ್ಟರಾಯಿತು. ನಿನಗೆ ಅವನು ಹೇಳಲಿಲ್ಲವೇ?"

ಹೇಳಲು ಬಂದಿದ್ದ. ನಗುತ್ತಾ ಬಂದಿದ್ದ. ಕೆಲಸ ಇದೆ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದವಳು ಯಾರು?

ಅಂಬುಜಾಳಿಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಹಾಳೆ ಸರಿಮಾಡು, ಸಂಜೆ ಕಳಿಸೋಣ," ಅಂದರು ಸಾರ್. "ಕಾಯಂ ವಿಷಯ ಹಂತ ಮುಗಿದ ಮೇಲೆ ಹೇಳುತ್ತೇನೆ. ಆದರೆ ಹೋಗುತ್ತಿದ್ದ ತಪ್ಪನ್ನು ತಡೆದು ನಿಲ್ಲಿಸಿದವಳನ್ನು ಊರಿಗೆ ಕಳಿಸುವಷ್ಟು ದಡ್ಡ ನಾನಲ್ಲ."

ಅವಳು ಕೈಮುಗಿದು ಹೊರಬಂದಳು. ಗಡಿಯಾರ ಒಂದು ದಾಟಿತ್ತು. ಕುರ್ಚಿ ಖಾಲಿ.

"ಮುರಳಿ ಈಗ ತಾನೇ ಇಳಿದು ಹೋದ," ಅಂದಳು ಉಷಾ, ಕೇಳುವ ಮುಂಚೆಯೇ. "ಹತ್ತು ನಿಮಿಷ ನಾನು ನೋಡಿಕೊಳ್ಳುತ್ತೇನೆ, ಓಡು."

ಅಂಬುಜಾ ಓಡಿದಳು. ಸುಡುವ ಬಿಸಿಲು. ಪೋರೂರು ಬಸ್ಸು ನಿಲ್ಲುವ ಕಡೆ, ಸರ್ಬತ್ ಅಂಗಡಿಯ ನೆರಳಿನಲ್ಲಿ ಅವನು ನಿಂತಿದ್ದ, ಚೀಲ ಹೆಗಲಿಗೆ ಹಾಕಿಕೊಂಡು. ಅವಳನ್ನು ನೋಡಿ ಗಾಬರಿಯಾದ.

"ಏನಾಯ್ತು? ಯಾಕೆ ಓಡಿ ಬರ್ತಾ ಇದೀರಿ?"

"ಸಾರ್ ಹತ್ರ... ನನ್ನ ಕೈ ವಿಷಯ ಹೇಳಲಿಲ್ವಂತೆ ನೀವು."

"ನಾನ್ಯಾಕೆ ಹೇಳ್ಲಿ ಮಾ? ಅದು ನಿಮ್ಮ ಕೈ."

ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ಆದರೂ ಕೇಳಲೇಬೇಕಿತ್ತು. "ಹಾಗಾದ್ರೆ... ನೋಡಿದೀರಾ?"

"ನೋಡಿದೀನಿ. ನೋಡಿಲ್ಲ ಅಂತ ಸುಳ್ಳು ಹೇಳಲ್ಲ."

"ಯಾವಾಗ?"

"ಮೊದಲನೇ ದಿನಾನೇ. ನಿಂತ್ಕೊಂಡೇ ಕೀ ಒತ್ತಿ ನೋಡಿದ್ರಲ್ಲ, ಆಗ."

ಅವಳ ಕಣ್ಣು ತುಂಬಿತು. "ಅದಕ್ಕೇ ಕೀ ಬಿಟ್ಟುಕೊಟ್ರಿ. ಪಾಪ ಅಂತ."

ಮುರಳೀಧರ ಅವಳನ್ನು ನೋಡಿದ. ಅವನಿಗೆ ಈಗ ಎಲ್ಲಾ ಅರ್ಥವಾಗತೊಡಗಿತ್ತು, ಆ ಮೌನ, ಆ ಅಳಿಸಿದ ಮನೆ.

"ಒಂದು ಯೋಚನೆ ಮಾಡಿ ಅಂಬುಜಾ. ಕೈ ನೋಡಿದ್ದು ಮೊದಲನೇ ದಿನ. ಆಮೇಲೆ ಎರಡು ವಾರ ದಿನಾ ನಿಮ್ಮ ಕೀ ತೆಗೆದೆ. ದಿನಾ ಜಗಳ ಆಡಿದೆ. ಪಾಪ ಅಂತ ಅನ್ನಿಸಿದ್ರೆ ಹಾಗೆ ಮಾಡ್ತಿದ್ನಾ?"

ಅಂಬುಜಾ ಆ ದಿನಗಳನ್ನು ಮನಸ್ಸಿನಲ್ಲೇ ಎಣಿಸಿದಳು. ಹೌದಲ್ಲ... ಕೈ ನೋಡಿದವರೆಲ್ಲ ಅವಳ ಜೊತೆ ಮೆಲ್ಲಗೆ ಮಾತಾಡಿದ್ದರು. ಬಾವಿಯ ಆ ದಿನದಿಂದ ಇವತ್ತಿನವರೆಗೆ, ಕೈ ನೋಡಿದ ಮೇಲೂ ಅವಳ ಜೊತೆ ಸರಿಸಮವಾಗಿ ಜಗಳವಾಡಿದ್ದವನು ಇವನೊಬ್ಬನೇ.

"ಮತ್ತೆ ಯಾಕೆ ಸೋತ್ರಿ?" ಎಂದಳು ಕೊನೆಗೆ, ಮೆಲ್ಲಗೆ.

"ಒಂದು ದಿನ ತಡವಾಗಿತ್ತು, ನಿಮ್ಮ ಕೀ ತೆಗೆಯದೇ ಕೆಲಸ ಶುರು ಮಾಡಿದೆ. ಸಂಜೆ ನೋಡಿದ್ರೆ ಬೆರಳು ನೋವಿಲ್ಲ. ಈ ಹುಡುಗಿ ನನಗಿಂತ ಬುದ್ಧಿವಂತೆ ಅಂತ ಒಪ್ಕೊಂಡೆ. ಒಪ್ಕೊಳ್ಳೋದು ಕಷ್ಟ ಆಯ್ತು, ಕಂಡಿಪ್ಪಾ, ಖಂಡಿತ." ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಆಮೇಲೆ ದಿನಾ ಒಂದು ಗಂಟೆ ಯಾವಾಗ ಆಗುತ್ತೆ ಅಂತ ಕಾಯೋ ಹಾಗಾಯ್ತು. ಅದೇನು ಅಂತ ನಿಮಗೆ ನಾನು ಹೇಳ್ಬೇಕಾ?"

ಅವಳು ತಲೆತಗ್ಗಿಸಿದಳು. ಸರ್ಬತ್ ಅಂಗಡಿಯಾತ ನಿಂಬೆಹಣ್ಣು ಹಿಂಡುತ್ತಾ ಇತ್ತಲೇ ನೋಡುತ್ತಿದ್ದ. ನೋಡಲಿ ಬಿಡಿ.

"ಊರಲ್ಲಿ ಒಬ್ಬರು ನನ್ನನ್ನ ಒಪ್ಪಿದ್ದಾರೆ," ಅಂದಳು.

ಮುರಳೀಧರನ ಮುಖದಲ್ಲಿದ್ದ ಬಣ್ಣ ಇಳಿಯಿತು. "ಓ..." ಅಂದ. ಚೀಲದ ಪಟ್ಟಿಯನ್ನು ಸರಿಮಾಡಿಕೊಂಡ, ಮತ್ತೆ ಸರಿಮಾಡಿಕೊಂಡ. "ಒಳ್ಳೇದು ಮಾ."

"ಅವರು ಒಪ್ಪಿದ್ದಾರೆ ಅಂದೆ. ನಾನು ಒಪ್ಪಿದೀನಿ ಅಂದ್ನಾ?"

ಅವನು ತಲೆಯೆತ್ತಿದ.

"ಇವತ್ತು ಸಂಜೆ ಅಪ್ಪನಿಗೆ ಫೋನ್ ಮಾಡಿ ಬೇಡ ಅಂತೀನಿ," ಎಂದಳು ಅಂಬುಜಾ. "ಕೆಲಸ ಕಾಯಂ ಆಗಲಿ ಬಿಡಲಿ, ಅದನ್ನಂತೂ ಹೇಳ್ತೀನಿ. ನನ್ನನ್ನ ಅಡ್ಜಸ್ಟ್ ಮಾಡ್ಕೊಳ್ಳೋರು ನನಗೆ ಬೇಡ."

"ನನ್ನ ಕೈಲಿ ಅಡ್ಜಸ್ಟ್ ಮಾಡ್ಕೊಳ್ಳೋಕೆ ಬರಲ್ಲ. ನೀವೇ ನೋಡಿದೀರಲ್ಲ. ಇಷ್ಟ ಆಗದಿದ್ರೆ ತೆಗೆದುಹಾಕ್ತೀನಿ." ಅವನ ಧ್ವನಿ ತಗ್ಗಿತು. "ನಿಮ್ಮನ್ನ ಇಷ್ಟಪಟ್ಟಿದೀನಿ ಅಂಬುಜಾ. ನೀವು ನನ್ನನ್ನ ಒಪ್ತೀರಾ?"

ಪೋರೂರು ಬಸ್ಸು ಬಂತು, ನಿಂತಿತು, ಹೋಯಿತು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಅಂಬುಜಾ ದುಪಟ್ಟಾ ಸರಿಸಿ ಎಡಗೈ ಮುಂದೆ ಚಾಚಿದಳು. ನಡುಬೀದಿಯ ಬಿಸಿಲಿನಲ್ಲಿ, ಅಷ್ಟು ಜನರ ಎದುರಿಗೆ. ಅವನು ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಎಷ್ಟು ಹಿಡಿಯಬೇಕೋ ತಿಳಿಯದೆ, ಹಗುರವಾಗಿ.

"ನೋವಾಗ್ತಿದ್ಯಾ?"

"ಇಲ್ಲ."

"ಬಿಡ್ಲಾ?"

"ಬಿಡಿ ಅಂತ ಯಾರು ಹೇಳಿದ್ರು?" ಅಂದಳು ಅಂಬುಜಾ.